ಪಟ್ಟಾಯ ಪ್ಯಾಕೇಜ್: ನೋಡೋಕೆ ಹೋದವರು ನೋಡದೇ ಬರೋದೇನು?

ವಿಷಯ ಸ್ವಲ್ಪ ಮುಜುಗರದ್ದು. ಮನೆಮಂದಿಯೆಲ್ಲ ಟಿವಿ ಮುಂದೆ ಕೂತಿರ್ತಾರೆ, ಇದನ್ನ ಹೇಗಪ್ಪಾ ಮಾತಾಡೋದು ಅಂತ ಹಿಂದೇಟು ಹಾಕೋ ಥರದ್ದು. ಆದರೆ ಊರಲ್ಲಿ ಎಲ್ಲರಿಗೂ ಗೊತ್ತಿದ್ದು, ಯಾರೂ ಬಾಯಿಬಿಟ್ಟು ಹೇಳದ ವಿಷಯ ಇದೆಯಲ್ಲ, ಅದನ್ನೇ ಮೊದಲು ಮಾತಾಡಬೇಕು. ಗುಟ್ಟಾಗಿ ಇಟ್ಟಷ್ಟೂ ಅದರಲ್ಲಿ ದುಡ್ಡು ಮಾಡೋರಿಗೆ ಅನುಕೂಲ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ. ಮೈಸೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕು ತಗೊಳ್ಳಿ. ಮೊದಲ ಮೂರು ಹೊಗೆಸೊಪ್ಪಿನ ಸೀಮೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಕೋಟೆ – ಅಲ್ಲಿನ ತಂಬಾಕು ಮಂಡಳಿ ಮಾರುಕಟ್ಟೆಗಳಲ್ಲಿ ಹರಾಜು ಶುರುವಾದರೆ ಇಡೀ ಸೀಮೆಯ ಕೈಗೆ ವರ್ಷದ ದುಡ್ಡು ಬರೋದು ಆಗಲೇ. ಕೆ.ಆರ್. ನಗರದ ಕಥೆ ಬೇರೆ. ಅದು ಚಾಮರಾಜ ನಾಲೆ ನೀರಿನ ಊರು, ಭತ್ತದ ಕಣಜ. ಬೆಳೆ ಬೇರೆ ಬೇರೆ, ಆದರೆ ದುಡ್ಡು ಓಡಾಡೋ ದಾರಿ ಒಂದೇ. ಸುಗ್ಗಿ ದುಡ್ಡು ಮೊದಲು ಹೋಗಿ ನಿಲ್ಲೋದು ಗೊಬ್ಬರ, ಬೀಜ, ಔಷಧಿ ಅಂಗಡಿಯಲ್ಲಿ. ಹಿಂದಿನ ಸಾಲ ತೀರಿಸಬೇಕಲ್ಲ?

ಅಲ್ಲಿಂದ ಅದು ಎಲ್ಲಿಗೆ ಹೋಗುತ್ತೆ? ಒಂದು ಪಾಲು, ಬ್ಯಾಂಕಾಕ್‌ಗೂ ಹೋಗುತ್ತೆ. ತಮಾಷೆ ಅಲ್ಲ. ಗೊಬ್ಬರ, ಕೀಟನಾಶಕ, ಬೀಜ, ಸಿಮೆಂಟ್, ಪೇಂಟ್ – ಈ ಎಲ್ಲ ವ್ಯಾಪಾರದಲ್ಲೂ 'ಸ್ಕೀಮ್' ಅಂತ ಒಂದಿದೆ. ಇಷ್ಟು ಮಾಲು ಎತ್ತಿದರೆ ಇಂಥ ಬಹುಮಾನ. ಮೊದಲೆಲ್ಲ ಬೆಳ್ಳಿ ತಟ್ಟೆ, ಟಿವಿ, ಬೈಕು ಇತ್ತು. ಆಮೇಲೆ ಫಾರಿನ್ ಟೂರ್ ಬಂತು. ಫಾರಿನ್ ಟೂರ್ ಅಂದರೆ ನಮ್ಮ ಕಡೆ ಬಹುಪಾಲು ಒಂದೇ ಅರ್ಥ: ಥೈಲ್ಯಾಂಡ್. ಬೆಂಗಳೂರಿನಿಂದ ಹೆಚ್ಚುಕಡಿಮೆ ನಾಲ್ಕು ಗಂಟೆ ವಿಮಾನ. 2023ರ ನವೆಂಬರ್‌ನಲ್ಲಿ ಆ ದೇಶ ಭಾರತೀಯರಿಗೆ ವೀಸಾ ಬೇಡ ಅಂದಿತು. 2024ರಲ್ಲಿ 20 ಲಕ್ಷಕ್ಕೂ ಹೆಚ್ಚು ಭಾರತೀಯರು ಅಲ್ಲಿಗೆ ಹೋಗಿ ಬಂದರು.

ಅವರೆಲ್ಲ 'ಅದಕ್ಕೇ' ಹೋದವರಲ್ಲ. ದಯವಿಟ್ಟು ಯಾರನ್ನೂ ಹಾಗೆ ನೋಡಬೇಡಿ. ಹನಿಮೂನಿಗೆ ಹೋಗೋರಿದ್ದಾರೆ, ಅಪ್ಪ ಅಮ್ಮನನ್ನ ಕರಕೊಂಡು ಬುದ್ಧನ ದೇವಾಲಯ ನೋಡೋಕೆ ಹೋಗೋರಿದ್ದಾರೆ. ಆದರೆ ಗಂಡಸರದ್ದೇ ಗುಂಪು ಹೊರಟಿದೆ, ಮನೆಯಲ್ಲಿ 'ಕಂಪನಿ ಮೀಟಿಂಗು' ಅಂತ ಹೇಳಿದ್ದಾರೆ, ಹೋಗಿ ಬಂದಮೇಲೆ ಫೋಟೋ ತೋರಿಸೋದಿಲ್ಲ ಅಂದರೆ, ಏನು ನಡೆಯುತ್ತೆ ಅಲ್ಲಿ? ಆ ವ್ಯವಸ್ಥೆ ಹೇಗಿದೆ? ಬಿಡಿಸಿ ಹೇಳ್ತೀನಿ.

ಪ್ಯಾಕೇಜು ಹೆಂಗಿರುತ್ತೆ?

ನಾಲ್ಕು ರಾತ್ರಿ, ಐದು ಹಗಲು. ಪತ್ರಿಕೆಯ ಜಾಹೀರಾತಿನಲ್ಲಿ ನೀವೂ ಓದಿರ್ತೀರಿ. ಬ್ಯಾಂಕಾಕ್‌ನಲ್ಲಿ ಇಳಿದ ಕೂಡಲೇ ಬಸ್ಸು ಹತ್ತಿಸಿ ಪಟ್ಟಾಯಕ್ಕೆ ಕರಕೊಂಡು ಹೋಗ್ತಾರೆ. ಸುಮಾರು 150 ಕಿಲೋಮೀಟರ್. ಮೈಸೂರಿಂದ ಬೆಂಗಳೂರಿಗೆ ಹೋದ ಹಾಗೆ ಅನ್ನಿ. ಸಂಜೆ ಅಲ್ಕಜಾರ್ ಅಥವಾ ಟಿಫಾನಿ ಶೋ. ಮಾರನೇ ದಿನ ಕೋರಲ್ ಐಲ್ಯಾಂಡ್, ಮಧ್ಯಾಹ್ನ ಇಂಡಿಯನ್ ಊಟ. ಆಮೇಲೆ ಒಂದು ಹರಳಿನ ಅಂಗಡಿ, ಸಫಾರಿ ವರ್ಲ್ಡ್, ವಾಪಸ್.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ, ಮೊದಲು ಅದನ್ನ ಸರಿ ಮಾಡಬೇಕು. ಅಲ್ಕಜಾರ್, ಟಿಫಾನಿ ಇವೆಲ್ಲ ಅಶ್ಲೀಲ ಪ್ರದರ್ಶನಗಳಲ್ಲ. ಟಿಫಾನಿ 1974ರಲ್ಲಿ ಶುರುವಾಗಿದ್ದು. ಲಿಂಗತ್ವ ಅಲ್ಪಸಂಖ್ಯಾತ ಕಲಾವಿದೆಯರು ದೊಡ್ಡ ರಂಗಮಂದಿರದಲ್ಲಿ ಹಾಡು, ಕುಣಿತ, ವೇಷಭೂಷಣದ ಕಾರ್ಯಕ್ರಮ ಕೊಡ್ತಾರೆ. ಹೆಂಡತಿ ಮಕ್ಕಳ ಜೊತೆ ಕೂತು ನೋಡೋವಂಥದ್ದು. ನಮ್ಮಲ್ಲಿ ಅದನ್ನೂ ಕಣ್ಣು ಮಿಟುಕಿಸಿ ಹೇಳ್ತಾರೆ, ಅದು ತಪ್ಪು. ಕಂಪನಿ ನಾಟಕದಲ್ಲಿ ಗಂಡಸರು ಹೆಣ್ಣು ಪಾತ್ರ ಕಟ್ಟಿದ್ದನ್ನ ತಲೆಮಾರುಗಟ್ಟಲೆ ನೋಡಿ ಮೆಚ್ಚಿದ ಜನ ನಾವು.

ಆಟ ಶುರುವಾಗೋದು ಶೋ ಮುಗಿದ ಮೇಲೆ. ಬಸ್ಸಿನಲ್ಲಿ ಗೈಡ್ ಎದ್ದು ನಿಂತು, "ಇನ್ನೊಂದು ಪ್ರೋಗ್ರಾಂ ಇದೆ. ಪ್ಯಾಕೇಜ್‌ನಲ್ಲಿ ಬರಲ್ಲ, ಇಷ್ಟ ಇದ್ದವರು ದುಡ್ಡು ಕೊಡಬಹುದು" ಅಂತಾನೆ. ಈ 'ಇಷ್ಟ ಇದ್ದವರು' ಅನ್ನೋ ಮಾತಿನ ಮೇಲೇ ಇಡೀ ವ್ಯವಹಾರ ನಿಂತಿದೆ. ಯಾಕೆ ಗೊತ್ತಾ? ಎಷ್ಟೋ ಅಗ್ಗದ ಪ್ಯಾಕೇಜುಗಳಲ್ಲಿ ಅಲ್ಲಿನ ಏಜೆಂಟನಿಗೆ ನೀವು ಕೊಟ್ಟ ದುಡ್ಡಲ್ಲಿ ಏನೂ ಉಳಿಯಲ್ಲ. ಕೆಲವು ಸಲ ಕೈಯಿಂದ ಹಾಕಿಯೇ ನಿಮ್ಮನ್ನ ಸುತ್ತಿಸ್ತಾನೆ. ಅದನ್ನ 'ಜೀರೋ ಡಾಲರ್ ಟೂರ್' ಅಂತಾರೆ. 2016ರಲ್ಲಿ ಥಾಯ್ ಸರ್ಕಾರ ಇದರ ವಿರುದ್ಧ ದೊಡ್ಡ ಕಾರ್ಯಾಚರಣೆಯನ್ನೇ ಮಾಡಿತ್ತು. ಹಾಗಾದರೆ ಅವನ ಗಂಜಿ ಎಲ್ಲಿಂದ? ಹರಳಿನ ಅಂಗಡಿ ಕಮಿಷನ್ನು, ಮಸಾಜ್ ಕಮಿಷನ್ನು, ರಾತ್ರಿ ಪ್ರೋಗ್ರಾಂ ಕಮಿಷನ್ನು. ನೀವು ಪ್ರವಾಸಿ ಅಂತ ಅಂದುಕೊಂಡಿರ್ತೀರಿ. ಅವನ ಲೆಕ್ಕದಲ್ಲಿ ನೀವು ಹರಾಜಿಗೆ ಬಂದ ಬೇಲು.

ವಾಕಿಂಗ್ ಸ್ಟ್ರೀಟ್ ಅಂತ ಒಂದು ಬೀದಿ. ಸಂಜೆಯಾದರೆ ವಾಹನ ನಿಲ್ಲಿಸಿಬಿಡ್ತಾರೆ. ಎರಡೂ ಕಡೆ ದೀಪ, ಸಂಗೀತ, ಬಾರು. ಒಳಗೆ ಹೋಗೋಕೆ ಎಷ್ಟೋ ಕಡೆ ಟಿಕೆಟ್ಟೇ ಇಲ್ಲ. ದುಡ್ಡು ಹುಟ್ಟೋದು ಮೂರು ಕಡೆ. ಒಂದು, ನೀವು ಕುಡಿಯೋದು. ಎರಡು, ನಿಮ್ಮ ಪಕ್ಕ ಬಂದು ಕೂತ ಹೆಣ್ಣುಮಗಳಿಗೆ ಕೊಡಿಸೋ ಪಾನೀಯ. ಅದರ ರೇಟು ಜಾಸ್ತಿ, ಅದರಲ್ಲಿ ಅವಳಿಗೊಂದು ಸಣ್ಣ ಪಾಲು. ಮೂರು, 'ಬಾರ್ ಫೈನ್'. ಅವಳು ಕೆಲಸದ ಹೊತ್ತಲ್ಲಿ ಗಿರಾಕಿ ಜೊತೆ ಹೊರಗೆ ಹೋದರೆ ಬಾರಿನವನಿಗೆ ಕಟ್ಟೋ ದುಡ್ಡು. ಇದು ಅವಳಿಗಲ್ಲ, ಮಾಲೀಕನಿಗೆ. ಕೂಲಿಯಾಳನ್ನ ಕರಕೊಂಡು ಹೋದರೆ ಮೇಸ್ತ್ರಿಗೆ ಕಮಿಷನ್ ಕೊಟ್ಟ ಹಾಗೆ.

ಬ್ಯಾಂಕಾಕ್‌ನ ಪ್ಯಾಟ್‌ಪಾಂಗ್ ಅನ್ನೋ ಬೀದಿಯಲ್ಲಿ ಇನ್ನೊಂದು ಹಳೇ ಆಟ. ಬಾಗಿಲಲ್ಲಿ ನಿಂತವನು "ಶೋ ಫ್ರೀ" ಅಂತಾನೆ. ಮಹಡಿ ಹತ್ತಿ ಹೋದರೆ ಇಳಿಯೋವಾಗ ಸಾವಿರಾರು ಬಾತ್ ಬಿಲ್ಲು. ಕೊಡಲ್ಲ ಅಂದರೆ ಬಾಗಿಲಿಗೆ ಅಡ್ಡ ನಿಲ್ತಾರೆ. ಇಂಥ ಪರಿಸ್ಥಿತಿಗೆ ಅಲ್ಲಿನ ಪ್ರವಾಸಿ ಪೊಲೀಸರ ಸಂಖ್ಯೆ 1155. ಆದರೆ ಎಷ್ಟು ಜನ ಫೋನ್ ಮಾಡ್ತಾರೆ? ಮಾನ ಹೋಗುತ್ತೆ ಅಂತ ಸುಮ್ಮನೆ ಕೊಟ್ಟು ಬರ್ತಾರೆ. ಬಿಲ್ಲು ಬರೆಯೋನು ಎಣಿಸಿಕೊಂಡಿರೋದೇ ನಿಮ್ಮ ಆ ನಾಚಿಕೆಯನ್ನ.

ಅಲ್ಲಿ ಇದೆಲ್ಲ ಕಾನೂನುಬದ್ಧವಾ?

"ಅಲ್ಲಿ ಲೀಗಲ್ಲು ಸಾರ್" ಅಂತ ಹೋಗಿ ಬಂದವರು ಎದೆ ತಟ್ಟಿ ಹೇಳ್ತಾರೆ. ಅಲ್ಲ ಸ್ವಾಮಿ. ಥೈಲ್ಯಾಂಡ್‌ನಲ್ಲಿ ವೇಶ್ಯಾವಾಟಿಕೆ 1960ರಿಂದಲೇ ಅಪರಾಧ. ಈಗಿರೋದು 1996ರ ಕಾಯ್ದೆ. ಬೀದಿಯಲ್ಲಿ ಗಿರಾಕಿ ಕರೆಯೋ ಹೆಣ್ಣಿಗೆ 1,000 ಬಾತ್‌ವರೆಗೆ ದಂಡ. ನಡೆಸೋರಿಗೆ, ಹುಡುಗಿಯರನ್ನ ತರೋರಿಗೆ ವರ್ಷಗಟ್ಟಲೆ ಜೈಲು. ಗಿರಾಕಿಗೂ ಜೈಲಿದೆ: ಹುಡುಗಿಗೆ 15 ದಾಟಿ 18 ದಾಟಿಲ್ಲ ಅಂದರೆ 1ರಿಂದ 3 ವರ್ಷ; 15 ದಾಟಿಲ್ಲ ಅಂದರೆ 2ರಿಂದ 6 ವರ್ಷ. ಅವಳು ಒಪ್ಪಿದ್ದಳು ಅನ್ನೋ ಮಾತು ಅಲ್ಲಿ ನಡೆಯಲ್ಲ.

ಹಾಗಾದರೆ ಬೀದಿ ತುಂಬ ದೀಪ ಹೇಗೆ ಉರೀತಿದೆ? ಅದಕ್ಕೆ 1966ರ ಇನ್ನೊಂದು ಕಾಯ್ದೆ ಇದೆ, ಮನರಂಜನಾ ಸ್ಥಳಗಳ ಕಾಯ್ದೆ. ಬಾರು, ಕುಣಿತ, ಮಸಾಜಿಗೆ ಅದು ಲೈಸೆನ್ಸ್ ಕೊಡುತ್ತೆ. ಒಂದು ಕಾನೂನು ಬಾಗಿಲು ಮುಚ್ಚುತ್ತೆ, ಇನ್ನೊಂದು ಕಿಟಕಿ ತೆರೆಯುತ್ತೆ. ಮಧ್ಯದ ಸಂದಿಯಲ್ಲಿ ಮಾಮೂಲಿ ಓಡಾಡುತ್ತೆ. ಮಾಮೂಲಿ ಅಂದರೆ ಏನು ಅಂತ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದು ಶುರುವಾಗಿದ್ದಾದರೂ ಹೇಗೆ? ಪಟ್ಟಾಯ 1960ರ ಹೊತ್ತಿಗೆ ಮೀನುಗಾರರ ಸಣ್ಣ ಹಳ್ಳಿ. ವಿಯೆಟ್ನಾಂ ಯುದ್ಧ ಬಂತು. ಹತ್ತಿರದ ಉ-ತಪಾವ್‌ನಲ್ಲಿ ಅಮೆರಿಕದ ಬಾಂಬರ್ ವಿಮಾನಗಳ ನೆಲೆ ಎದ್ದಿತು. 1967ರಲ್ಲಿ, ಯುದ್ಧಭೂಮಿಯಿಂದ ರಜೆ ಮೇಲೆ ಬರೋ ಸೈನಿಕರ ವಿಶ್ರಾಂತಿಗೆ ಅಂತಲೇ ಎರಡು ಸರ್ಕಾರಗಳು ಒಪ್ಪಂದ ಮಾಡಿಕೊಂಡವು. ಆ 'ವಿಶ್ರಾಂತಿ'ಗೆ ಬಾರುಗಳು ಹುಟ್ಟಿಕೊಂಡವು. ಯುದ್ಧ ಮುಗೀತು, ಸೈನಿಕರು ಹೋದರು, ಬಾರು ಉಳಿದವು. ಖಾಲಿ ಕುರ್ಚಿ ತುಂಬಿಸೋಕೆ ಪ್ರವಾಸಿಗಳನ್ನ ಕರೆದರು. ಮೊದಲು ಯುರೋಪಿನವರು, ಜಪಾನಿನವರು. ಈಗ ನಾವು.

ಆ ಹುಡುಗಿ ಯಾರ ಮಗಳು?

ಈ ಒಂದು ಪ್ರಶ್ನೆಗೋಸ್ಕರವೇ ನಾನು ಈ ವಿಷಯ ಎತ್ತಿಕೊಂಡಿದ್ದು. ಪಟ್ಟಾಯ, ಬ್ಯಾಂಕಾಕ್ ಬಾರುಗಳಲ್ಲಿ ಕೆಲಸ ಮಾಡೋ ಹೆಣ್ಣುಮಕ್ಕಳಲ್ಲಿ ದೊಡ್ಡ ಪಾಲು ಬರೋದು ಈಸಾನ್ ಅನ್ನೋ ಸೀಮೆಯಿಂದ. ಥೈಲ್ಯಾಂಡಿನ ಈಶಾನ್ಯ ಭಾಗ, 20 ಪ್ರಾಂತ್ಯ, ದೇಶದ ಮೂರನೇ ಒಂದು ಪಾಲು ಜನ ಅಲ್ಲಿನವರು. ಏನು ಬೆಳೀತಾರೆ? ಭತ್ತ. ಜಗತ್ತೆಲ್ಲ ಹೆಸರುವಾಸಿಯಾದ ಜಾಸ್ಮಿನ್ ಅಕ್ಕಿ ಅಲ್ಲಿಯದೇ. ಆದರೆ ನೆಲ ಬಡ ನೆಲ, ಮರಳು ಮಿಶ್ರಿತ, ಕೆಲವು ಕಡೆ ಉಪ್ಪು. ಬಹಳಷ್ಟು ಕಡೆ ಮಳೆ ನಂಬಿದ ಒಂದೇ ಬೆಳೆ. ಮಳೆ ಕೈಕೊಟ್ಟರೆ ಸಾಲ. ಗೊಬ್ಬರಕ್ಕೆ ಸಾಲ, ಬೀಜಕ್ಕೆ ಸಾಲ, ಮನೆ ರಿಪೇರಿಗೆ ಸಾಲ. ಅಲ್ಲಿನ ಪದ್ಧತಿಯಲ್ಲಿ ಅಪ್ಪ ಅಮ್ಮನ ಋಣ ತೀರಿಸೋ ಹೊಣೆ ಹೆಚ್ಚಾಗಿ ಹೆಣ್ಣುಮಕ್ಕಳ ಹೆಗಲಿಗೆ. ಬ್ಯಾಂಕಾಕ್‌ಗೆ ಹೋಗ್ತಾರೆ. ಕಾರ್ಖಾನೆ, ಹೋಟೆಲು, ಮನೆಗೆಲಸ. ಎಲ್ಲೂ ಸಾಲ ತೀರೋವಷ್ಟು ಸಂಬಳ ಇಲ್ಲ. ಆಗ ಒಂದಷ್ಟು ಜನ ಬಾರಿನ ಮೆಟ್ಟಿಲು ಹತ್ತುತ್ತಾರೆ. ಎಷ್ಟೋ ಜನರ ಮಗು ಊರಲ್ಲಿ ಅಜ್ಜಿ ಹತ್ತಿರ ಬೆಳೀತಿರುತ್ತೆ. ತಿಂಗಳು ತಿಂಗಳು ದುಡ್ಡು ಹೋಗುತ್ತೆ.

ಈಗ ಯೋಚನೆ ಮಾಡಿ. ಇಲ್ಲಿ ಪಿರಿಯಾಪಟ್ಟಣದ ರೈತ ಬ್ಯಾರನ್‌ಗೆ ಸೌದೆ ಹೊಂಚಿ, ರಾತ್ರಿಯೆಲ್ಲ ನಿದ್ದೆಗೆಟ್ಟು ಸೊಪ್ಪು ಹದ ಮಾಡಿ, ಬೇಲು ಕಟ್ಟಿ ಹರಾಜಿಗೆ ತಂದು, ಬಂದ ದುಡ್ಡಲ್ಲಿ ಗೊಬ್ಬರದ ಸಾಲ ತೀರಿಸ್ತಾನೆ. ಆ ಅಂಗಡಿಯ ಲೆಕ್ಕ ಟಾರ್ಗೆಟ್ ಮುಟ್ಟುತ್ತೆ. ಕಂಪನಿ ಟೂರ್ ಕೊಡುತ್ತೆ. ಆ ಟೂರಿನ ರಾತ್ರಿ ಪಕ್ಕದ ಕುರ್ಚಿಯಲ್ಲಿ ಬಂದು ಕೂರೋಳು, ಗೊಬ್ಬರದ ಸಾಲ ತೀರಿಸೋಕೆ ಮನೆ ಬಿಟ್ಟು ಬಂದ ಇನ್ನೊಬ್ಬ ಭತ್ತದ ರೈತನ ಮಗಳು! ಒಬ್ಬ ರೈತನ ಸಾಲದ ದುಡ್ಡು ಸಾವಿರಾರು ಕಿಲೋಮೀಟರ್ ಹೋಗಿ ಇನ್ನೊಬ್ಬ ರೈತನ ಸಾಲಕ್ಕೆ ಸೇರುತ್ತೆ. ಮಧ್ಯದಲ್ಲಿ ಲಾಭ ಎತ್ತಿಕೊಂಡೋರು ಯಾರು? ಕಂಪನಿ, ಏಜೆಂಟು, ಗೈಡು, ಬಾರಿನ ಮಾಲೀಕ. ಎರಡು ತುದಿಯಲ್ಲಿರೋರ ಸಾಲ ಮುಂದಿನ ವರ್ಷ ಮತ್ತೆ ಹುಟ್ಟುತ್ತೆ.

ಹಂಗಂತ ಅವರನ್ನೆಲ್ಲ 'ಪಾಪ' ಅಂದುಕೊಂಡು ಸುಮ್ಮನಾಗೋದೂ ಸರಿಯಲ್ಲ. ಅಲ್ಲಿನ ಲೈಂಗಿಕ ಕಾರ್ಯಕರ್ತೆಯರು 1985ರಲ್ಲೇ 'ಎಂಪವರ್' ಅಂತ ಸಂಸ್ಥೆ ಕಟ್ಟಿಕೊಂಡರು. 2006ರಲ್ಲಿ ಚಿಯಾಂಗ್ ಮಾಯ್ ಊರಲ್ಲಿ ತಮ್ಮದೇ ಬಾರ್ ತೆರೆದರು. ಅಲ್ಲಿ ಎಂಟು ಗಂಟೆ ಕೆಲಸ, ಸಂಬಳ ಸಹಿತ ರಜೆ, ಸಾಮಾಜಿಕ ಭದ್ರತೆ. ಅವರು ಕೇಳೋದು ಕರುಣೆಯನ್ನಲ್ಲ, ಕೂಲಿಯವರಿಗೆ ಸಿಗೋ ಹಕ್ಕನ್ನ. ನಮ್ಮ ಮೈಸೂರಲ್ಲೇ ಲೈಂಗಿಕ ಕಾರ್ಯಕರ್ತೆಯರು ಕಟ್ಟಿದ ಆಶೋದಯ ಸಮಿತಿ ಎಚ್‌ಐವಿ ತಡೆಯೋದರಲ್ಲಿ ದೇಶಕ್ಕೇ ಪಾಠ ಆಗುವಂಥ ಕೆಲಸ ಮಾಡಿದೆ. ಇದೇ ಮೈಸೂರಿನ ಒಡನಾಡಿ ಸಂಸ್ಥೆ, ಬಲವಂತವಾಗಿ ಈ ದಂಧೆಗೆ ನೂಕಲ್ಪಟ್ಟವರನ್ನ, ಮಕ್ಕಳನ್ನ ಹೊರಗೆ ತರೋ ಕೆಲಸ ಮಾಡ್ತಾ ಬಂದಿದೆ. ಇಬ್ಬರ ದಾರಿ ಬೇರೆ ಬೇರೆ. ಆದರೆ ಇಬ್ಬರೂ ಮೊದಲು ನೋಡೋದು ಎದುರಿಗಿರೋ ಮನುಷ್ಯಳನ್ನ. ಟೂರ್ ಬಸ್ಸಿನಿಂದ ಕಾಣದೇ ಇರೋದು ಅದೊಂದೇ.

ನೋಡೋದು ತಪ್ಪಾ?

"ನಾವೇನು ಮಾಡಲಿಲ್ಲ, ಸುಮ್ಮನೆ ನೋಡಿಕೊಂಡು ಬಂದ್ವಿ." ಇದು ಇನ್ನೊಂದು ಮಾತು. ಇದಕ್ಕೆ ಉತ್ತರ ಆಮ್‌ಸ್ಟರ್‌ಡ್ಯಾಮ್ ಕೊಟ್ಟಿದೆ. ನೆದರ್ಲೆಂಡ್ಸ್‌ನಲ್ಲಿ 2000ದಿಂದ ಈ ವೃತ್ತಿ ಲೈಸೆನ್ಸ್ ಪಡೆದು ನಡೆಸಬಹುದಾದ ವೃತ್ತಿ. ಹೆಂಗಸರು ಗಾಜಿನ ಕಿಟಕಿ ಹಿಂದೆ ಕೂತಿರ್ತಾರೆ. ಗೈಡುಗಳು ಬಾವುಟ ಹಿಡಿದು ಗುಂಪು ಗುಂಪಾಗಿ ಪ್ರವಾಸಿಗಳನ್ನ ತಂದು ತೋರಿಸೋಕೆ ಶುರು ಮಾಡಿದರು. ಫೋಟೋ ತೆಗೆಯೋದು, ನಗೋದು, ಕೂಗೋದು. 2020ರಲ್ಲಿ ಆ ನಗರ ಕಿಟಕಿಗಳ ಮುಂದಿನ ಗೈಡ್ ಟೂರ್‌ಗಳನ್ನೇ ನಿಷೇಧ ಮಾಡಿತು. ಗಮನಿಸಿ, ವೃತ್ತಿಯನ್ನ ನಿಷೇಧ ಮಾಡಲಿಲ್ಲ. ಮನುಷ್ಯರನ್ನ ಪ್ರಾಣಿಸಂಗ್ರಹಾಲಯದ ಥರ ತೋರಿಸೋದನ್ನ ನಿಷೇಧ ಮಾಡಿತು.

ಕೋಟೆ ತಾಲ್ಲೂಕಿನವರಿಗೆ ಇದು ಬೇಗ ಅರ್ಥ ಆಗುತ್ತೆ. ಕಬಿನಿ ದಂಡೆಗೆ ಬರೋ ಪ್ರವಾಸಿಗಳು ಹುಲಿ ನೋಡಿಕೊಂಡು ಹೋಗಲಿ, ಸಂತೋಷ. ಆದರೆ ಯಾರೋ ಕಾರು ನಿಲ್ಲಿಸಿ, ಹಾಡಿಯ ಗುಡಿಸಲ ಮುಂದೆ ಕೂತ ಅಜ್ಜಿಯ ಫೋಟೋ ಹೊಡೆದುಕೊಂಡು ಹೋದರೆ ಹೇಗನ್ನಿಸುತ್ತೆ? ಆ ಅಜ್ಜಿಗೆ ಹೇಗನ್ನಿಸುತ್ತೆ? ಅದೇ ಲೆಕ್ಕ.

ನಮ್ಮ ಕಾನೂನು ಏನನ್ನುತ್ತೆ?

ಎರಡು ವಿಷಯ ನೆನಪಿಡಿ. ಒಂದು, ವಿಮಾನ ಹತ್ತಿದ ಕೂಡಲೇ ಭಾರತದ ಕಾನೂನು ಕೆಳಗೆ ಉಳಿಯಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ನ್ಯಾಯ ಸಂಹಿತೆಯ ಮೊದಲ ಕಲಮೇ ಹೇಳುತ್ತೆ – ಭಾರತದ ಪ್ರಜೆ ವಿದೇಶದಲ್ಲಿ ಮಾಡಿದ ಅಪರಾಧಕ್ಕೂ ಇದು ಅನ್ವಯ. ಕೇಂದ್ರ ಸರ್ಕಾರದ ಅನುಮತಿ ಪಡೆದು ಇಲ್ಲೇ ವಿಚಾರಣೆ ಮಾಡಬಹುದು. ಕಳ್ಳಸಾಗಣೆಯಾಗಿ ಬಂದ ಹೆಣ್ಣು ಅಂತ ಗೊತ್ತಿದ್ದೂ ಅವಳನ್ನ ಬಳಸಿಕೊಂಡವನಿಗೆ ಅದೇ ಸಂಹಿತೆಯಲ್ಲಿ ಜೈಲು ಇದೆ. ಮಕ್ಕಳ ವಿಷಯವಂತೂ ಹೇಳೋದೇ ಬೇಡ.

ಎರಡು, ನಿಷೇಧ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತೆ ಅನ್ನೋದೂ ಸುಳ್ಳು. ಮಹಾರಾಷ್ಟ್ರ 2005ರಲ್ಲಿ ಡಾನ್ಸ್ ಬಾರ್ ಮುಚ್ಚಿಸಿತು. ಸಾವಿರಾರು ಹೆಂಗಸರ ಕೆಲಸ ಹೋಯಿತು. 2006ರಲ್ಲಿ ಬಾಂಬೆ ಹೈಕೋರ್ಟ್ ಆ ನಿಷೇಧ ರದ್ದು ಮಾಡಿತು, 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ನಮ್ಮ ಬೆಂಗಳೂರಿನ ಲೈವ್ ಬ್ಯಾಂಡ್ ವಿಚಾರದಲ್ಲಿ ಇನ್ನೊಂದು ದಾರಿ. 2005ರ ಆದೇಶದ ಪ್ರಕಾರ ಲೈಸೆನ್ಸ್ ಬೇಕೇ ಬೇಕು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ಕುಣಿಯೋದು ಅಪರಾಧ ಅಲ್ಲ, ನಿಯಮ ಇಲ್ಲದೆ ನಡೆಸೋದು ಅಪರಾಧ. 2022ರ ಮೇ ತಿಂಗಳಲ್ಲಂತೂ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟ ಮಾಡಿತು: ವಯಸ್ಕಳಾದ, ಸ್ವಂತ ಒಪ್ಪಿಗೆಯಿಂದ ಈ ವೃತ್ತಿಯಲ್ಲಿರೋ ಹೆಣ್ಣಿಗೆ ಪೊಲೀಸರು ಕಿರುಕುಳ ಕೊಡಬಾರದು, ಅವಳಿಗೂ ಘನತೆಯ ಬದುಕಿನ ಹಕ್ಕಿದೆ.

ಇನ್ನು ಆರೋಗ್ಯ. ಥೈಲ್ಯಾಂಡ್ 1991ರಲ್ಲಿ ದೇಶದಾದ್ಯಂತ ಶೇ 100 ಕಾಂಡೋಮ್ ಕಾರ್ಯಕ್ರಮ ತಂದು ಎಚ್‌ಐವಿ ಹರಡೋದನ್ನ ಗಣನೀಯವಾಗಿ ತಗ್ಗಿಸಿತು. ತಗ್ಗಿಸಿತು, ಅಳಿಸಲಿಲ್ಲ. ಸಿಫಿಲಿಸ್, ಗೊನೋರಿಯಾದಂಥವು ಯಾವ ಬೀದಿಯಲ್ಲೂ ಪಾಸ್‌ಪೋರ್ಟ್ ಕೇಳಲ್ಲ. ಊರಿಗೆ ಬಂದು ಹೆಂಡತಿಗೆ ದಾಟಿಸೋ ಗಂಡನ ತಪ್ಪಿಗೆ ಅವಳು ಆಸ್ಪತ್ರೆ ಸಾಲಲ್ಲಿ ನಿಲ್ಲಬೇಕಾಗುತ್ತೆ. ಅನುಮಾನ ಇದ್ದರೆ ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಗೋಪ್ಯ. ನಾಚಿಕೊಂಡು ಕೂರೋದು ಮದ್ದಲ್ಲ.

ಕೊನೆಗೆ ಕಂಪನಿಗಳ ಮಾತು

2022ರ ಜುಲೈ 1ರಿಂದ ಆದಾಯ ತೆರಿಗೆಯಲ್ಲಿ 194-ಆರ್ ಅನ್ನೋ ಕಲಂ ಬಂತು. ಡೀಲರ್‌ಗೆ ವರ್ಷಕ್ಕೆ 20 ಸಾವಿರ ರೂಪಾಯಿ ಮೀರಿದ ಉಡುಗೊರೆ, ಸವಲತ್ತು ಕೊಟ್ಟರೆ ಶೇ 10 ತೆರಿಗೆ ಮುರಿದುಕೊಳ್ಳಬೇಕು. ಟಾರ್ಗೆಟ್ ಮುಟ್ಟಿದ್ದಕ್ಕೆ ಕೊಟ್ಟ ಟೂರ್ ಕೂಡ ಅದರಲ್ಲಿ ಸೇರುತ್ತೆ. ಅಂದರೆ ಸರ್ಕಾರಕ್ಕೆ ಇದು ಗೊತ್ತಿದೆ, ತನ್ನ ಪಾಲು ತಗೊಂಡು ಸುಮ್ಮನಿದೆ. ಔಷಧ ಕಂಪನಿಗಳು ವೈದ್ಯರನ್ನ ಹೀಗೆ ಟೂರ್ ಕರಕೊಂಡು ಹೋಗೋದಕ್ಕೆ 2024ರ ಮಾರ್ಚ್‌ನಲ್ಲಿ ಬಂದ ಸಂಹಿತೆ ತಡೆ ಹಾಕಿತು. ಯಾಕೆ? ಟೂರ್ ಆಸೆಗೆ ಬೇಡದ ಮಾತ್ರೆ ಬರೀತಾರೆ ಅಂತ. ಬೆಳೆಗೆ ಔಷಧಿ ಬರೆದುಕೊಡೋ ಅಂಗಡಿಗೂ ಅದೇ ನ್ಯಾಯ ಬೇಡವಾ? ರೋಗ ಇಲ್ಲದ ಗದ್ದೆಗೆ ಎರಡು ಬಾಟಲಿ ಜಾಸ್ತಿ ಹೊಡೆಸಿದರೆ ಆ ಖರ್ಚು ಯಾರದ್ದು? ಆ ವಿಷ ಹೋಗಿ ಸೇರೋದು ಯಾವ ನಾಲೆಗೆ?

ಎಲ್ಲ ಅಂಗಡಿಯವರೂ ಹಾಗೆ ಅಂತ ನಾನು ಹೇಳಲ್ಲ. ಕಷ್ಟಕಾಲದಲ್ಲಿ ಸಾಲ ಕೊಟ್ಟು ಬೆಳೆ ಉಳಿಸಿದ ಅಂಗಡಿಯವರು ಪ್ರತಿ ಹೋಬಳಿಯಲ್ಲೂ ಇದ್ದಾರೆ. ಅವರಿಗೇ ನಾನು ಹೇಳೋದು: ಮುಂದಿನ ಸಲ ಕಂಪನಿಯವನು ಸ್ಕೀಮ್ ಹಾಳೆ ತಂದಾಗ, "ಟೂರ್ ಬೇಡ, ಆ ದುಡ್ಡನ್ನ ಬಿಲ್ಲಲ್ಲೇ ಇಳಿಸಿಕೊಡು" ಅಂತ ಕೇಳಿ. ಹೋಗಲೇಬೇಕು ಅಂದರೆ ಹೆಂಡತಿ ಮಕ್ಕಳನ್ನೂ ಕರಕೊಂಡು ಹೋಗಿ, ಟಿಫಾನಿ ಶೋ ನೋಡಿ, ಸಮುದ್ರ ನೋಡಿ ಬನ್ನಿ. ಹೊರಡೋ ಮೊದಲು ಪ್ಯಾಕೇಜ್‌ನಲ್ಲಿ ಏನಿದೆ ಏನಿಲ್ಲ ಅಂತ ಲಿಖಿತವಾಗಿ ತಗೊಳ್ಳಿ, ಹೇಳಿದ್ದು ಕೊಡದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಪಾಸ್‌ಪೋರ್ಟ್ ಗೈಡ್ ಕೈಗೆ ಕೊಡಬೇಡಿ. ಬಸ್ಸಲ್ಲಿ ಅವನು ಎದ್ದು 'ಇಷ್ಟ ಇದ್ದವರು' ಅಂದಾಗ, ಇಷ್ಟ ಇಲ್ಲ ಅಂತ ಹೇಳೋಕೆ ಸ್ನೇಹಿತರ ಮುಂದೆ ಸಂಕೋಚ ಪಡಬೇಡಿ. ಗುಂಪಲ್ಲಿ ಒಬ್ಬ ಬೇಡ ಅಂದರೆ ಸಾಕು, ಅವನ ಹಿಂದೆ ಇನ್ನೂ ನಾಲ್ಕು ಜನ ಕೂತಿರ್ತಾರೆ, ಯಾರಾದರೂ ಮೊದಲು ಹೇಳಲಿ ಅಂತ ಕಾಯ್ತಾ.